ಬೆರ್ತಾ ಕಾಸೆರೆಸ್ ಕೊಲೆ: ಅಣೆಕಟ್ಟು ಬೇಡ ಎಂದವರ ಮೇಲಿನ ಹಿಂಸೆ ಎಲ್ಲಿಂದ ಶುರುವಾಗುತ್ತದೆ

2016ರ ಮಾರ್ಚ್ 2ರ ರಾತ್ರಿ ಹನ್ನೊಂದೂವರೆ ದಾಟಿದ ಹೊತ್ತಿಗೆ ಮಧ್ಯ ಅಮೆರಿಕದ ಹೊಂಡುರಾಸ್ ದೇಶದ ಲಾ ಎಸ್ಪೆರಾನ್ಸಾ ಪಟ್ಟಣದ ಒಂದು ಮನೆಗೆ ಬಂದೂಕು ಹಿಡಿದವರು ನುಗ್ಗಿ ಬೆರ್ತಾ ಕಾಸೆರೆಸ್ ಅವರನ್ನು ಕೊಂದರು. ಅದೇ ಮನೆಯ ಇನ್ನೊಂದು ಕೋಣೆಯಲ್ಲಿದ್ದ ಮೆಕ್ಸಿಕೋದ ಪರಿಸರ ಹೋರಾಟಗಾರ ಗುಸ್ತಾವೊ ಕಾಸ್ತ್ರೊ ಅವರಿಗೂ ಗುಂಡು ತಗುಲಿತು. ಸತ್ತವರಂತೆ ಬಿದ್ದುಕೊಂಡಿದ್ದರಿಂದ ಅವರು ಬದುಕಿದರು. ಲೆಂಕಾ ಆದಿವಾಸಿಗಳ ಸಂಘಟನೆ ‘ಕೋಪಿನ್’ ಅನ್ನು 1993ರಲ್ಲಿ ಕಟ್ಟಿದವರಲ್ಲಿ ಬೆರ್ತಾ ಒಬ್ಬರು. ಗ್ವಾಲ್ಕಾರ್ಕೆ ನದಿಗೆ ‘ಆಗ್ವಾ ಸಾರ್ಕಾ’ ಅಣೆಕಟ್ಟು ಬೇಡ ಎಂಬ ಹೋರಾಟದ ಮುಂಚೂಣಿಯಲ್ಲಿದ್ದರು. ಕೊಲೆಗೆ ಹನ್ನೊಂದು ತಿಂಗಳ ಹಿಂದಷ್ಟೇ ಅವರಿಗೆ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ ಬಂದಿತ್ತು.

ಭೂಮಿ ಮತ್ತು ಪರಿಸರ ಉಳಿಸಲು ನಿಂತವರ ಸಾವಿನ ಲೆಕ್ಕವನ್ನು ಗ್ಲೋಬಲ್ ವಿಟ್ನೆಸ್ ಸಂಸ್ಥೆ 2012ರಿಂದ ಇಡುತ್ತಿದೆ. ಅದರ ಪ್ರಕಾರ 2024ರ ಕೊನೆಯವರೆಗೆ ಕೊಲೆಯಾದವರು ಮತ್ತು ಕಾಣೆಯಾದವರು ಸೇರಿ 2,253 ಜನ, 2024ರಲ್ಲೇ 146. ಇಂಥ ಕೊಲೆಗಳಲ್ಲಿ ಗುಂಡು ಹಾರಿಸಿದವನೇ ಎಷ್ಟೋ ಸಲ ಸಿಗುವುದಿಲ್ಲ, ಹಾರಿಸಲು ಹೇಳಿದವನ ಮಾತಂತೂ ದೂರ. ಬೆರ್ತಾ ಪ್ರಕರಣದಲ್ಲಿ ಮಾತ್ರ ಆರೋಪಿಗಳ ಫೋನುಗಳು ನ್ಯಾಯಾಲಯದಲ್ಲಿ ತೆರೆದುಕೊಂಡವು. ಬಂದೂಕು ಹಿಡಿದವನಿಂದ ಕಂಪನಿಯ ಕಚೇರಿಯವರೆಗೆ ಸರಪಳಿಯ ಒಂದೊಂದೇ ಕೊಂಡಿ ಕಾಣಿಸಿತು. ಅದಕ್ಕೇ ಇದನ್ನು ವಿವರವಾಗಿ ನೋಡಬೇಕು. ಕೊಲೆಗೆ ಮುಂಚಿನ ಆರು ವರ್ಷಗಳಲ್ಲಿ ನಡೆದದ್ದೆಲ್ಲ ಬಹುಪಾಲು ಕಾಗದದ ಮೇಲೆ, ಹಗಲು ಹೊತ್ತಿನಲ್ಲಿ, ಎಲ್ಲರ ಕಣ್ಣೆದುರೇ ನಡೆದಿತ್ತು.

ನದಿ ಕೈಬದಲಾದ ಬಗೆ

2009ರ ಜೂನ್ 28ರಂದು ಹೊಂಡುರಾಸ್ ಸೇನೆ ಅಧ್ಯಕ್ಷ ಮನುವೆಲ್ ಸೆಲಾಯಾ ಅವರನ್ನು ಅಧಿಕಾರದಿಂದ ಕಿತ್ತೊಗೆಯಿತು. ಅದರ ಬೆನ್ನಿಗೇ ನದಿಗಳ ಗುತ್ತಿಗೆಗಳು ಸಾಲುಸಾಲಾಗಿ ಹೊರಬಿದ್ದವು. 2010ರಲ್ಲಿ ಅಲ್ಲಿನ ಸಂಸತ್ತು ಹತ್ತಾರು ಜಲವಿದ್ಯುತ್ ಒಪ್ಪಂದಗಳಿಗೆ ಒಟ್ಟಿಗೇ ಮುದ್ರೆ ಒತ್ತಿತು. ಆಗ್ವಾ ಸಾರ್ಕಾ ಅವುಗಳಲ್ಲೊಂದು. ಗುತ್ತಿಗೆ ಸಿಕ್ಕಿದ್ದು 2009ರಲ್ಲಷ್ಟೇ ಹುಟ್ಟಿದ ‘ದೇಸಾ’ ಎಂಬ ಕಂಪನಿಗೆ. ಯೋಜನೆಯ ಗಾತ್ರ ಸುಮಾರು 22 ಮೆಗಾವಾಟ್. ನಮ್ಮ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವಾಟ್ ಎಂದರೆ ಇದು ಎಷ್ಟು ಸಣ್ಣದೆಂದು ತಿಳಿದೀತು. ದೊಡ್ಡ ಜಲಾಶಯವೂ ಇರಲಿಲ್ಲ. ನದಿಯ ನೀರನ್ನು ಕಾಲುವೆಗೆ ತಿರುಗಿಸಿ, ಕೆಳಗಡೆ ಯಂತ್ರಕ್ಕೆ ಬಿಟ್ಟು, ಮತ್ತೆ ನದಿಗೆ ಸೇರಿಸುವ ವಿನ್ಯಾಸ. ಇಂಥ ಯೋಜನೆಯಲ್ಲಿ ಮುಳುಗಡೆಯ ಕಷ್ಟ ಕಡಿಮೆ. ಆದರೆ ನೀರು ತಿರುಗಿಸಿದ ಜಾಗದಿಂದ ವಾಪಸ್ ಸೇರುವ ಜಾಗದ ತನಕ ನದಿಪಾತ್ರ ಒಣಗುತ್ತದೆ. ರಿಯೊ ಬ್ಲಾಂಕೊ ಪ್ರದೇಶದ ಲೆಂಕಾ ಜನಕ್ಕೆ ಹೊಲದ ನೀರು, ಮೀನು, ಪೂಜೆ ಎಲ್ಲವೂ ಆ ನದಿಯಿಂದಲೇ.

ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ 169ನೇ ಒಡಂಬಡಿಕೆಗೆ ಹೊಂಡುರಾಸ್ 1995ರಲ್ಲೇ ಒಪ್ಪಿಗೆ ಕೊಟ್ಟಿತ್ತು. ಆದಿವಾಸಿಗಳ ನೆಲದಲ್ಲಿ ಯೋಜನೆ ಮಾಡುವ ಮುಂಚೆ ಅವರೊಂದಿಗೆ ಪ್ರಾಮಾಣಿಕವಾಗಿ ಸಮಾಲೋಚಿಸಬೇಕು ಎನ್ನುವ ಒಡಂಬಡಿಕೆ ಅದು. ಊರವರು ಸಭೆ ಸೇರಿ ಬೇಡ ಎಂದರು. ಕಂಪನಿ ರಸ್ತೆ, ಕರೆಂಟು, ಶಾಲೆಯ ಭರವಸೆ ಕೊಟ್ಟು ಅಕ್ಕಪಕ್ಕದ ಕೆಲವು ಊರುಗಳನ್ನು ಒಪ್ಪಿಸಿತು. ಊರು ಎರಡಾಯಿತು. ಮುಂದಿನ ಹಿಂಸೆಗೆ ನೆಲ ಹದವಾಗುವುದು ಇಲ್ಲೇ. ಒಮ್ಮೆ ಊರು ಒಡೆದರೆ ಆಮೇಲಿನ ಪ್ರತಿ ಹಲ್ಲೆಯನ್ನೂ ಊರೊಳಗಿನ ಜಗಳ ಎಂದು ಬರೆದು ಮುಗಿಸಬಹುದು. 2019ರ ಮಾರ್ಚ್‌ನಲ್ಲಿ ಹೊಂಡುರಾಸ್‌ನ ಭ್ರಷ್ಟಾಚಾರ ನಿಗ್ರಹ ಅಭಿಯೋಜಕರು ಈ ಗುತ್ತಿಗೆಯಲ್ಲಿ ಅಕ್ರಮ ನಡೆದಿದೆ ಎಂದು 16 ಜನರ ಮೇಲೆ ಮೊಕದ್ದಮೆ ಹೂಡಿದರು. ಅಷ್ಟರಲ್ಲಿ ಬೆರ್ತಾ ಸತ್ತು ಮೂರು ವರ್ಷವಾಗಿತ್ತು.

ಕೇಸು ಎಂಬ ಆಯುಧ

2013ರ ಏಪ್ರಿಲ್ 1ರಂದು ರಿಯೊ ಬ್ಲಾಂಕೊ ಜನ ಕಾಮಗಾರಿಗೆ ಹೋಗುವ ರಸ್ತೆಗೆ ಅಡ್ಡ ಕೂತರು. ಅವರ ಧರಣಿ ವರ್ಷ ದಾಟಿತು. ಮೇ 24ರಂದು ಬೆರ್ತಾ ಪ್ರಯಾಣಿಸುತ್ತಿದ್ದ ವಾಹನವನ್ನು ಸೇನಾ ತಪಾಸಣಾ ಠಾಣೆಯಲ್ಲಿ ತಡೆದು, ಅದರಲ್ಲಿ ಪಿಸ್ತೂಲು ಸಿಕ್ಕಿತೆಂದು ಅಕ್ರಮ ಶಸ್ತ್ರಾಸ್ತ್ರದ ಕೇಸು ಹಾಕಲಾಯಿತು. ಅದು ತಮ್ಮದಲ್ಲ ಎಂದು ಬೆರ್ತಾ ಹೇಳಿದರು. ಆ ಕೇಸು ಮುಂದೆ ನಿಲ್ಲಲಿಲ್ಲ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಬೆರ್ತಾ ಮತ್ತು ಇಬ್ಬರು ಸಂಗಾತಿಗಳ ಮೇಲೆ ಜಾಗ ಅತಿಕ್ರಮಣ, ಬಲವಂತ, ಆಸ್ತಿ ನಷ್ಟದ ಆರೋಪ ಬಂತು. ದೂರು ಕೊಟ್ಟದ್ದು ಕಂಪನಿ. ವಿಚಾರಣೆ ಮುಗಿಯುವ ತನಕ ಬೆರ್ತಾ ಅವರನ್ನು ಜೈಲಿನಲ್ಲಿಡಲು ನ್ಯಾಯಾಧೀಶರು ಆದೇಶಿಸಿದರು. ಅವರು ತಲೆಮರೆಸಿಕೊಳ್ಳಬೇಕಾಯಿತು. ಆ ಕೇಸೂ 2014ರಲ್ಲಿ ಬಿದ್ದುಹೋಯಿತು.

ಬಿದ್ದುಹೋಗುವ ಕೇಸು ಯಾಕೆ ಹಾಕುತ್ತಾರೆ? ಅದು ಗೆಲ್ಲಲಿಕ್ಕೆ ಹಾಕಿದ ಕೇಸೇ ಅಲ್ಲ. ವಾಯಿದೆಗೆ ವಾಯಿದೆ ಕೋರ್ಟು ಅಲೆಯುವವರಿಗೆ ಊರಲ್ಲಿ ಸಭೆ ಕರೆಯಲು ಸಮಯ ಉಳಿಯುವುದಿಲ್ಲ. ಚಂದಾ ಎತ್ತಿದ ಹಣ ವಕೀಲರಿಗೆ ಹೋಗುತ್ತದೆ. ಜಾಮೀನಿನ ಷರತ್ತುಗಳೇ ಸುತ್ತಾಟಕ್ಕೆ ಕಡಿವಾಣ ಹಾಕುತ್ತವೆ. ನೆಂಟರಿಷ್ಟರು ದೂರವಾಗುತ್ತಾರೆ. ಎಲ್ಲಕ್ಕಿಂತ ಅಪಾಯದ್ದೆಂದರೆ ಹಣೆಪಟ್ಟಿ. ‘ಅಭಿವೃದ್ಧಿ ವಿರೋಧಿ’, ‘ಹೊರಗಿನವಳು’, ‘ಕೇಸು ಇರುವವಳು’ ಎಂದು ಪತ್ರಿಕೆಯಲ್ಲಿ ನಾಲ್ಕು ಸಲ ಬಂದರೆ, ನಾಳೆ ಆಕೆಗೆ ಏನಾದರೂ ಆದಾಗ ಕೇಳುವವರು ಅರ್ಧಕ್ಕೆ ಇಳಿಯುತ್ತಾರೆ. ಹೊಡೆಯಲು ಹೊರಟವನಿಗೆ ಬೇಕಾಗಿರುವುದೂ ಅದೇ.

2013ರ ಜುಲೈ 15ರಂದು ಕಂಪನಿಯ ಆವರಣದೆದುರು ಪ್ರತಿಭಟನೆ ನಡೆಯುವಾಗ ಸೈನಿಕನೊಬ್ಬ ಗುಂಡು ಹಾರಿಸಿದ. ಲೆಂಕಾ ಮುಖಂಡ ತೊಮಾಸ್ ಗಾರ್ಸಿಯಾ ಸತ್ತರು, ಅವರ ಹದಿಹರೆಯದ ಮಗ ಗಾಯಗೊಂಡ. ಆ ಸೈನಿಕನಿಗೆ ಮುಂದೆ ಶಿಕ್ಷೆಯಾಯಿತು. ಸರ್ಕಾರದ ಸೈನ್ಯ ಖಾಸಗಿ ಕಾಮಗಾರಿಯ ಕಾವಲಿಗೆ ಯಾಕಿತ್ತು ಎಂಬ ಪ್ರಶ್ನೆ ಮಾತ್ರ ಆ ವಿಚಾರಣೆಯ ಹೊರಗೇ ಉಳಿಯಿತು.

ದುಡ್ಡು ಯಾರದು

ಚೀನಾದ ಗುತ್ತಿಗೆದಾರ ಕಂಪನಿ ಸೈನೋಹೈಡ್ರೊ 2013ರಲ್ಲಿ ಹಿಂದೆ ಸರಿಯಿತು. ವಿಶ್ವಬ್ಯಾಂಕ್ ಸಮೂಹದಲ್ಲಿ ಖಾಸಗಿ ಕಂಪನಿಗಳಿಗೆ ಹಣ ಒದಗಿಸುವ ಸಂಸ್ಥೆಯಾದ ಐಎಫ್‌ಸಿ ನಿಧಿಯೊಂದರ ಮೂಲಕ ಬರಬೇಕಿದ್ದ ಹಣವೂ ಬರಲಿಲ್ಲ. ಯೋಜನೆ ಅಲ್ಲಿಗೇ ಮುಗಿಯಬಹುದಿತ್ತು. ಆದರೆ ಬೇರೆಯವರು ಬಂದರು. ಮಧ್ಯ ಅಮೆರಿಕದ ಪ್ರಾದೇಶಿಕ ಅಭಿವೃದ್ಧಿ ಬ್ಯಾಂಕ್ 24.4 ದಶಲಕ್ಷ ಡಾಲರ್, ನೆದರ್ಲೆಂಡ್ಸ್‌ನ ಅಭಿವೃದ್ಧಿ ಬ್ಯಾಂಕ್ ಎಫ್‌ಎಂಒ 15 ದಶಲಕ್ಷ, ಫಿನ್ಲೆಂಡ್‌ನ ಅಂಥದೇ ಸಂಸ್ಥೆ ಫಿನ್‌ಫಂಡ್ 5 ದಶಲಕ್ಷ ಸಾಲಕ್ಕೆ ಮುಂದಾದವು. ಎಫ್‌ಎಂಒ ಸಹಿ ಹಾಕಿದ್ದು 2014ರಲ್ಲಿ, ಅಂದರೆ ತೊಮಾಸ್ ಗಾರ್ಸಿಯಾ ಸತ್ತ ಮೇಲೆ, ಬೆರ್ತಾ ಮೇಲೆ ಜೈಲಿನ ಆದೇಶ ಬಂದ ಮೇಲೆ, ‘ಈ ಸಾಲ ಕೊಡಬೇಡಿ’ ಎಂದು ಕೋಪಿನ್ ಪತ್ರ ಬರೆದ ಮೇಲೆ.

ಈ ಭಾಗವನ್ನು ಅರ್ಥ ಮಾಡಿಕೊಳ್ಳದೆ ಹಿಂಸೆಯ ಕಾಲಕ್ರಮ ಅರ್ಥವಾಗುವುದಿಲ್ಲ. ಇಂಥ ಯೋಜನೆಗಳ ಸಾಲ ಒಂದೇ ಸಲ ಕೈಗೆ ಬರುವುದಿಲ್ಲ. ಕಾಮಗಾರಿ ಮುಂದುವರಿದಂತೆ ಕಂತುಕಂತಾಗಿ ಬಿಡುಗಡೆಯಾಗುತ್ತದೆ. ರಸ್ತೆ ತಡೆದರೆ ಕಾಮಗಾರಿ ನಿಲ್ಲುತ್ತದೆ, ಕಂತು ನಿಲ್ಲುತ್ತದೆ. ಬಡ್ಡಿ, ಯಂತ್ರಗಳ ಬಾಡಿಗೆ, ಕಾವಲಿನ ಖರ್ಚು ಮಾತ್ರ ನಿಲ್ಲುವುದಿಲ್ಲ. ಹಳ್ಳಿಗರ ಧರಣಿ ಕಂಪನಿಯ ಲೆಕ್ಕಪತ್ರದಲ್ಲಿ ದಿನದಿನದ ನಷ್ಟವಾಗಿ ಕಾಣತೊಡಗುತ್ತದೆ. ಆ ನಷ್ಟಕ್ಕೆ ಒಬ್ಬ ವ್ಯಕ್ತಿಯ ಹೆಸರು ಅಂಟಿಕೊಂಡಾಗ ಅಪಾಯ ಹತ್ತಿರ ಬಂದಿದೆ ಎಂದೇ ಲೆಕ್ಕ. 2015ರಲ್ಲಿ ಕಂಪನಿ ಕಾಮಗಾರಿಯನ್ನು ನದಿಯ ಆಚೆ ದಡಕ್ಕೆ ಸಾಗಿಸಿ ಮತ್ತೆ ಶುರು ಮಾಡಿತು. ಕೋಪಿನ್ ಪ್ರತಿಭಟನೆಯೂ ಮತ್ತೆ ಶುರುವಾಯಿತು. ಸ್ವತಂತ್ರ ವಕೀಲರ ತಂಡವೊಂದು 2017ರ ನವೆಂಬರ್‌ನಲ್ಲಿ ಕೊಟ್ಟ ವರದಿಯ ಪ್ರಕಾರ ಕೊಲೆಯ ಸಂಚು ಆರಂಭವಾದದ್ದು 2015ರ ನವೆಂಬರ್ ಹೊತ್ತಿಗೆ.

ಫೋನಿನಲ್ಲಿ ಸಿಕ್ಕ ಸರಪಳಿ

ಶಿಕ್ಷೆಯಾದವರನ್ನು ಮೇಲಿನಿಂದ ಕೆಳಕ್ಕೆ ಇಟ್ಟು ನೋಡಿ. ದೇಸಾ ಕಂಪನಿಯ ಕಾರ್ಯನಿರ್ವಾಹಕ ಅಧ್ಯಕ್ಷ ಡೇವಿಡ್ ಕಾಸ್ತಿಯೊ, ಅಮೆರಿಕದ ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯಲ್ಲಿ ಓದಿ ಸೇನಾ ಗುಪ್ತಚರ ವಿಭಾಗದಲ್ಲಿದ್ದವರು. ಕಂಪನಿಯ ಸಮುದಾಯ ಮತ್ತು ಪರಿಸರ ವ್ಯವಸ್ಥಾಪಕ ಸೆರ್ಹಿಯೊ ರೊದ್ರಿಗೆಸ್. ಕಂಪನಿಯ ಭದ್ರತಾ ಮುಖ್ಯಸ್ಥನಾಗಿದ್ದ ನಿವೃತ್ತ ಲೆಫ್ಟಿನೆಂಟ್ ಡಗ್ಲಸ್ ಬುಸ್ತಿಯೊ. ಇನ್ನೂ ಸೇವೆಯಲ್ಲಿದ್ದ ಸೇನಾ ಮೇಜರ್ ಮಾರಿಯಾನೊ ದಿಯಾಸ್. ಹಿಂದೆ ಈ ಮೇಜರ್ ಕೈಕೆಳಗೆ ಇದ್ದ ಮಾಜಿ ಸೈನಿಕ ಹೆನ್ರಿ ಹೆರ್ನಾಂದೆಸ್. ಅವನ ಕೆಳಗೆ ಸುಪಾರಿ ಪಡೆದ ಹುಡುಗರು. ಇಂಥ ಏರ್ಪಾಡಿನಲ್ಲಿ ಮೇಲಿನವನಿಗೂ ಗುಂಡು ಹಾರಿಸಿದವನಿಗೂ ನೇರ ಮಾತುಕತೆ ಇರಬೇಕಾಗಿಲ್ಲ. ಪ್ರತಿ ಕೊಂಡಿಗೂ ಪಕ್ಕದ ಕೊಂಡಿಯೊಂದಿಗೆ ಹಳೆಯ ಪರಿಚಯ ಇದ್ದರೆ ಸಾಕು.

ಈ ಸರಪಳಿ ಕಂಡದ್ದು ಕರೆ ದಾಖಲೆ, ಮೊಬೈಲ್ ಗೋಪುರದ ಮಾಹಿತಿ ಮತ್ತು ವಾಟ್ಸ್‌ಆ್ಯಪ್ ಸಂದೇಶಗಳಿಂದ. ಕಂಪನಿಯ ಹಿರಿಯರಿದ್ದ ಭದ್ರತಾ ಗುಂಪೊಂದರಲ್ಲಿ ಬೆರ್ತಾ ಎಲ್ಲಿದ್ದಾರೆ, ಎಲ್ಲಿಗೆ ಹೊರಟಿದ್ದಾರೆ, ಕೋಪಿನ್ ಯಾವ ದಿನ ಏನು ಮಾಡಲಿದೆ ಎಂಬ ಸುದ್ದಿ ಹರಿದಾಡುತ್ತಿತ್ತು. ಸುದ್ದಿ ತರುತ್ತಿದ್ದವರು ಹಣ ಪಡೆದ ಮಾಹಿತಿದಾರರು. ಕಾಸ್ತಿಯೊ ಸ್ವತಃ ಬೆರ್ತಾಗೆ ಆಗಾಗ ಸ್ನೇಹದ ಧಾಟಿಯಲ್ಲೇ ಸಂದೇಶ ಕಳಿಸಿ ಸಂಪರ್ಕ ಇಟ್ಟುಕೊಂಡಿದ್ದರು. 2016ರ ಫೆಬ್ರವರಿ ಮೊದಲ ವಾರದಲ್ಲಿ ಒಂದು ಪ್ರಯತ್ನ ನಡೆದು ವಿಫಲವಾಗಿತ್ತು ಎಂಬುದೂ ಈ ದಾಖಲೆಗಳಿಂದಲೇ ಹೊರಬಂತು. ಅಂದರೆ ಮೊದಲ ಪ್ರಯತ್ನಕ್ಕೂ ಕೊಲೆಗೂ ನಡುವೆ ಮೂರೂವರೆ ವಾರ ಇತ್ತು.

ತನಿಖೆ ಆರಂಭದಲ್ಲಿ ಈ ದಾರಿ ಹಿಡಿಯಲೇ ಇಲ್ಲ. ಮೊದಲು ಇದನ್ನು ಪ್ರೇಮ ವೈಷಮ್ಯ, ಸಂಘಟನೆಯೊಳಗಿನ ಜಗಳ ಎಂದು ತೋರಿಸಲು ಹೊರಟು ಬೆರ್ತಾ ಅವರ ಹೋರಾಟದ ಸಂಗಾತಿಯೊಬ್ಬರನ್ನೇ ಹಿಡಿದು ಕೂರಿಸಿದರು. ಏಕೈಕ ಪ್ರತ್ಯಕ್ಷ ಸಾಕ್ಷಿ ಗುಸ್ತಾವೊ ಕಾಸ್ತ್ರೊ, ಗುಂಡೇಟು ತಿಂದವರು, ಸುಮಾರು ಒಂದು ತಿಂಗಳು ದೇಶ ಬಿಡುವಂತಿರಲಿಲ್ಲ. 2016ರ ಸೆಪ್ಟೆಂಬರ್‌ನಲ್ಲಿ ನ್ಯಾಯಾಧೀಶರೊಬ್ಬರ ಕಾರಿನಿಂದ ಕೇಸಿನ ಕಡತವೇ ಕಳುವಾಯಿತು. 2018ರ ವಿಚಾರಣೆಯಲ್ಲಿ ಕುಟುಂಬದ ಪರ ವಕೀಲರನ್ನು ನ್ಯಾಯಾಲಯ ಹೊರಗಿಟ್ಟಿತು. ಇಷ್ಟಾದರೂ 2018ರ ನವೆಂಬರ್ 29ರಂದು ಏಳು ಜನ ಅಪರಾಧಿಗಳೆಂದು ತೀರ್ಪು ಬಂತು, ಒಬ್ಬ ಖುಲಾಸೆಯಾದ. 2019ರ ಡಿಸೆಂಬರ್‌ನಲ್ಲಿ ಅವರಿಗೆ 30ರಿಂದ 50 ವರ್ಷಗಳ ತನಕ ಸಜೆಯಾಯಿತು. ಕಾಸ್ತಿಯೊ 2018ರ ಮಾರ್ಚ್ 2ರಂದು, ಕೊಲೆಯಾಗಿ ಸರಿಯಾಗಿ ಎರಡು ವರ್ಷಕ್ಕೆ, ಬಂಧಿತರಾದರು. 2021ರ ಜುಲೈ 5ರಂದು ಅಪರಾಧ ಸಾಬೀತಾಗಿ, 2022ರ ಜೂನ್‌ನಲ್ಲಿ 22 ವರ್ಷ 6 ತಿಂಗಳ ಸಜೆ ಪ್ರಕಟವಾಯಿತು. ಕಂಪನಿಯ ಹಣಕಾಸು ನೋಡಿಕೊಳ್ಳುತ್ತಿದ್ದವರ ಮೇಲೆ ಬಂಧನದ ಆದೇಶ ಹೊರಟದ್ದು 2023ರ ಡಿಸೆಂಬರ್‌ನಲ್ಲಿ. ತನಿಖೆ ಮೇಲಕ್ಕೆ ಹತ್ತಿದಷ್ಟೂ ನಿಧಾನವಾಗುತ್ತದೆ.

ರಕ್ಷಣೆ ಇತ್ತಲ್ಲ?

ಇತ್ತು, ಕಾಗದದಲ್ಲಿ. ಬೆರ್ತಾಗೆ ರಕ್ಷಣೆ ಕೊಡಿ ಎಂದು ಅಮೆರಿಕ ಖಂಡದ ಮಾನವ ಹಕ್ಕುಗಳ ಆಯೋಗ 2009ರ ಜೂನ್‌ನಲ್ಲೇ ಹೊಂಡುರಾಸ್ ಸರ್ಕಾರಕ್ಕೆ ಸೂಚಿಸಿತ್ತು. 2015ರಲ್ಲಿ ಆ ದೇಶ ಮಾನವ ಹಕ್ಕು ಹೋರಾಟಗಾರರ ರಕ್ಷಣೆಗೆಂದೇ ಕಾನೂನು ಮಾಡಿತ್ತು. ಕೊಲೆಯಾದ ರಾತ್ರಿ ಮನೆಗೆ ಪೊಲೀಸ್ ಕಾವಲು ಇರಲಿಲ್ಲ.

ಈ ವ್ಯವಸ್ಥೆ ಎಡವುವುದು ಮುಖ್ಯವಾಗಿ ಒಂದೇ ಕಡೆ: ಅದು ವ್ಯಕ್ತಿಯನ್ನು ನೋಡುತ್ತದೆ, ವಿವಾದವನ್ನು ನೋಡುವುದಿಲ್ಲ. ಕಾವಲಿಗೆ ಬರುವ ಪೊಲೀಸರು ಬೆಳಿಗ್ಗೆ ಕಾಮಗಾರಿಯ ಕಾವಲಿಗೆ ನಿಂತವರೇ ಆಗಿದ್ದರೆ ಅವರ ಮೇಲೆ ನಂಬಿಕೆ ಹೇಗೆ ಬರಬೇಕು? ಎರಡು ಗಸ್ತು, ಒಂದು ಕ್ಯಾಮೆರಾ ಕೊಟ್ಟು, ಬೆದರಿಕೆಗೆ ಮೂಲವಾದ ಪರವಾನಗಿಯನ್ನು ಮುಟ್ಟದೆ ಬಿಟ್ಟರೆ ಹೊಡೆಯುವ ಕಾರಣ ಹಾಗೇ ಉಳಿದಿರುತ್ತದೆ. ಪ್ರತಿ ಬೆದರಿಕೆಯೂ ಯೋಜನೆಯ ಕಡತ ಸೇರಬೇಕು. ತನಿಖೆ ಮುಗಿಯುವ ತನಕ ಕಾಮಗಾರಿಗೂ ಸಾಲದ ಕಂತಿಗೂ ತಡೆ ಬೀಳಬೇಕು. ಎಫ್‌ಎಂಒ ಹಣ ತಡೆದದ್ದು 2016ರ ಮಾರ್ಚ್ 16ರಂದು, ಬೆರ್ತಾ ಕೊಲೆಯಾಗಿ ಎರಡು ವಾರಕ್ಕೆ, ಕೋಪಿನ್‌ನ ಇನ್ನೊಬ್ಬ ಸದಸ್ಯ ನೆಲ್ಸನ್ ಗಾರ್ಸಿಯಾ ಕೊಲೆಯಾದ ಮರುದಿನ. ಅದೇ ನಿರ್ಧಾರ 2014ರಲ್ಲಿ, ಸಹಿಗೆ ಮುಂಚೆಯೇ ಆಗಬಹುದಿತ್ತು. ಬೇಕಾದ ಮಾಹಿತಿಯೆಲ್ಲ ಆಗಲೇ ಮೇಜಿನ ಮೇಲಿತ್ತು. ಎಫ್‌ಎಂಒ, ಫಿನ್‌ಫಂಡ್ ಎರಡೂ ಪೂರ್ತಿಯಾಗಿ ಹೊರಬಂದದ್ದು 2017ರ ಜುಲೈನಲ್ಲಿ.

ಅದೇ ತಪ್ಪು ಮತ್ತೆ ನಡೆಯಿತು. ಹೊಂಡುರಾಸ್‌ನ ತೊಕೊವಾದಲ್ಲಿ ಗಣಿಗಾರಿಕೆಯಿಂದ ಗ್ವಾಪಿನೊಲ್ ನದಿ ಉಳಿಸಲು ಹೋರಾಡಿದ ಹ್ವಾನ್ ಲೋಪೆಸ್ ಅವರಿಗೂ 2023ರಲ್ಲಿ ಅದೇ ಆಯೋಗ ರಕ್ಷಣೆ ಸೂಚಿಸಿತ್ತು. 2024ರ ಸೆಪ್ಟೆಂಬರ್ 14ರಂದು ಅವರ ಕೊಲೆಯಾಯಿತು.

ನಮ್ಮ ಕಡೆ ಕೈಗೆ ಸಿಗುವುದೇನು

ಭಾರತ 169ನೇ ಒಡಂಬಡಿಕೆಗೆ ಸಹಿ ಹಾಕಿಲ್ಲ. ಹೋರಾಟಗಾರರ ರಕ್ಷಣೆಗೆ ಪ್ರತ್ಯೇಕ ಕಾನೂನೂ ನಮ್ಮಲ್ಲಿಲ್ಲ. ಅಕ್ರಮ ಬಯಲು ಮಾಡುವವರನ್ನು ಕಾಪಾಡುವ 2014ರ ಕಾಯ್ದೆ ಸಂಸತ್ತಿನಲ್ಲಿ ಪಾಸಾಗಿಯೂ ಜಾರಿಗೆ ಬಂದಿಲ್ಲ. ಕೇಸಿನ ಆಯುಧ ಮಾತ್ರ ಇಲ್ಲೂ ಅದೇ. ಶಾಂತಿ ಕದಡುವ ಸಂಭವ ಇದೆ ಎಂದು ತಹಶೀಲ್ದಾರರೆದುರು ಮುಚ್ಚಳಿಕೆ ಬರೆಸಿಕೊಳ್ಳುವುದು (ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 107ನೇ ಕಲಂ, ಈಗ ನಾಗರಿಕ ಸುರಕ್ಷಾ ಸಂಹಿತೆಯ 126), ಗುಂಪು ಸೇರದಂತೆ ನಿಷೇಧಾಜ್ಞೆ (ಹಿಂದಿನ 144, ಈಗ 163), ರೌಡಿ ಶೀಟ್, ಗಡಿಪಾರಿನ ನೋಟಿಸು. ಇವುಗಳಲ್ಲಿ ಒಂದು ಬಂದಾಗಲೇ ಬೆದರಿಕೆಯ ದಾಖಲೆ ತೆರೆಯಬೇಕು. ಕಲ್ಲು ಬೀಳುವ ತನಕ ಕಾಯಬಾರದು.

ದಾಖಲೆ ಎಂದರೆ ದಿನಾಂಕ, ಗಂಟೆ, ಜಾಗ, ವಾಹನದ ನಂಬರ್, ಆಡಿದ ಮಾತು ಆಡಿದ ಹಾಗೇ, ಕೇಳಿಸಿಕೊಂಡವರು ಯಾರು, ಅದೇ ವಾರ ಯೋಜನೆಯಲ್ಲಿ ಏನು ನಡೆಯಿತು. ಈ ಕೊನೆಯ ವಿವರವನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಯೋಜನೆಯ ಬಗ್ಗೆ ಜನರ ಮಾತು ಕೇಳುವ ಅಹವಾಲು ಸಭೆಯ ಹಿಂದಿನ ದಿನ, ಕೋರ್ಟ್ ತಡೆಯಾಜ್ಞೆಯ ಮರುದಿನ ಬೆದರಿಕೆ ಬಂದಿದೆ ಎಂದು ತೋರಿಸಿದಾಗಲೇ ಅದು ವೈಯಕ್ತಿಕ ಜಗಳ ಅಲ್ಲ ಎಂಬುದು ನಿಲ್ಲುತ್ತದೆ. ಫೋನಿನಲ್ಲಿ ಬಂದ ಬೆದರಿಕೆಯ ಸ್ಕ್ರೀನ್‌ಶಾಟ್ ಮಾತ್ರ ಸಾಲದು. ಮೂಲ ಸಂದೇಶ ಅಳಿಸಬೇಡಿ, ಆ ಫೋನನ್ನು ಮಾರಬೇಡಿ, ರೀಸೆಟ್ ಮಾಡಬೇಡಿ. ನ್ಯಾಯಾಲಯಕ್ಕೆ ಕೊಡುವಾಗ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕಾಗುತ್ತದೆ. ಪ್ರತಿಗಳು ಬೇರೆ ಊರಿನ ಇಬ್ಬರ ಬಳಿ ಇರಲಿ.

ಕೊಲ್ಲುವ ಬೆದರಿಕೆಗೆ ಭಾರತೀಯ ನ್ಯಾಯ ಸಂಹಿತೆಯ 351(3)ರ ಅಡಿ ಏಳು ವರ್ಷದ ತನಕ ಶಿಕ್ಷೆ ಇದೆ. ಹೆಸರು ಮರೆಮಾಚಿ ಬೆದರಿಸಿದರೆ 351(4)ರಡಿ ಇನ್ನೆರಡು ವರ್ಷದ ತನಕ ಹೆಚ್ಚುವರಿ. ಠಾಣೆಯಲ್ಲಿ ಎಫ್‌ಐಆರ್ ಮಾಡದಿದ್ದರೆ ದೂರನ್ನು ಅಂಚೆಯಲ್ಲಿ ಪೊಲೀಸ್ ವರಿಷ್ಠಾಧಿಕಾರಿಗೆ ಕಳಿಸಬೇಕು (ನಾಗರಿಕ ಸುರಕ್ಷಾ ಸಂಹಿತೆಯ 173(4)), ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿ ಹೋಗಬೇಕು. ಬಾಯಿಮಾತಿನ ದೂರು ಕೊಟ್ಟು ‘ನೋಡ್ಕೋತೀವಿ ಹೋಗಿ’ ಎನ್ನಿಸಿಕೊಂಡು ಬಂದರೆ ಮುಂದೆ ಅದು ಲೆಕ್ಕಕ್ಕಿಲ್ಲ. ಸ್ವೀಕೃತಿ ಮುದ್ರೆಯ ಪ್ರತಿ ಕೈಯಲ್ಲಿರಬೇಕು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದಲ್ಲಿ ಹೋರಾಟಗಾರರ ದೂರು ನೋಡಲೆಂದೇ ಅಧಿಕಾರಿ ಇದ್ದಾರೆ. ಠಾಣೆಗೆ ಕೊಟ್ಟದ್ದರ ಪ್ರತಿಯನ್ನು ಅಲ್ಲಿಗೂ ಕಳಿಸಬಹುದು. ಕೇಸಿನಲ್ಲಿ ಸಾಕ್ಷಿಯಾಗಿದ್ದರೆ 2018ರ ಸಾಕ್ಷಿ ರಕ್ಷಣಾ ಯೋಜನೆಯಡಿ ಜಿಲ್ಲಾ ನ್ಯಾಯಾಧೀಶರ ನೇತೃತ್ವದ ಸಮಿತಿಗೆ ಅರ್ಜಿ ಹಾಕಬಹುದು. ಪೊಲೀಸರು ಐದು ಕೆಲಸದ ದಿನಗಳೊಳಗೆ ಅಪಾಯದ ವರದಿ ಕೊಡಬೇಕು. ರಕ್ಷಣೆ ಒಂದು ಸಲಕ್ಕೆ ಮೂರು ತಿಂಗಳು ಮೀರದಂತೆ ಸಿಗುತ್ತದೆ, ಹಾಗಾಗಿ ಅವಧಿ ಮುಗಿಯುವ ಮುನ್ನವೇ ಮುಂದುವರಿಕೆಗೆ ಕೇಳಬೇಕು.

ಹೋರಾಟದೊಳಗಿನ ಏರ್ಪಾಡೂ ಅಷ್ಟೇ ಮುಖ್ಯ. ಮಾಧ್ಯಮಕ್ಕೆ ಒಬ್ಬರೇ, ಕೋರ್ಟಿಗೂ ಅವರೇ, ಸಹಿಗೂ ಅವರೇ ಎಂದಾದಾಗ ಆ ಒಬ್ಬರನ್ನು ತೆಗೆದರೆ ಎಲ್ಲ ಮುಗಿಯುತ್ತದೆ ಎಂದು ಎದುರಿನವರಿಗೆ ಅನ್ನಿಸುತ್ತದೆ. ಅರ್ಜಿಗೆ ಐವತ್ತು ಸಹಿ ಇರಲಿ, ಮಾತಾಡುವವರು ಸರದಿಯಲ್ಲಿ ಬದಲಾಗಲಿ. ನಾಳೆ ಎಲ್ಲಿಗೆ ಹೋಗುತ್ತೇವೆ ಎಂಬುದನ್ನು ನೂರು ಜನರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕಬೇಡಿ. ಬೆರ್ತಾ ಅವರ ಓಡಾಟದ ಸುದ್ದಿ ಸೋರಿದ್ದು ಹಣ ಪಡೆದ ಮಾಹಿತಿದಾರರಿಂದ.

ಅಹವಾಲು ಸಭೆಯ ನಿಯಮಗಳನ್ನೂ ತಿಳಿದಿರಬೇಕು. 2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ ಕನಿಷ್ಠ 30 ದಿನ ಮೊದಲು ನೋಟಿಸು ಬರಬೇಕು, ಸಭೆಯ ವಿಡಿಯೊ ಆಗಬೇಕು, ನಡಾವಳಿಯನ್ನು ಸ್ಥಳೀಯ ಭಾಷೆಯಲ್ಲಿ ಅಲ್ಲೇ ಓದಿ ಹೇಳಬೇಕು. ಸಭೆಗೆ ಬರುವ ದಾರಿಯಲ್ಲಿ ತಡೆದಿದ್ದರೆ, ಮೈಕ್ ಕಿತ್ತುಕೊಂಡಿದ್ದರೆ, ಬೆದರಿಕೆ ಬಂದಿದ್ದರೆ ಅದನ್ನು ಅಲ್ಲೇ ಹೇಳಿ ನಡಾವಳಿಯಲ್ಲಿ ಬರೆಸಬೇಕು. ಆಮೇಲೆ ಹಸಿರು ನ್ಯಾಯಮಂಡಳಿಯಲ್ಲಿ ಉಪಯೋಗಕ್ಕೆ ಬರುವುದು ಆ ಒಂದು ಸಾಲು.

ಯೋಜನೆಗೆ ಹೊರಗಿನ ಸಾಲ ಇದೆಯೇ ಎಂದು ಮೊದಲ ತಿಂಗಳಲ್ಲೇ ಹುಡುಕಿ. ವಿಶ್ವಬ್ಯಾಂಕಿನ ಪರಿಶೀಲನಾ ಸಮಿತಿ 1993ರಲ್ಲಿ ಹುಟ್ಟಿದ್ದು ನರ್ಮದಾ ಕಣಿವೆಯ ಜನರ ಹೋರಾಟ ಸರ್ದಾರ್ ಸರೋವರದ ಸಾಲವನ್ನು ಪ್ರಶ್ನೆಗೆ ಒಡ್ಡಿದ್ದರಿಂದ. ಯೋಜನೆಯಿಂದ ತೊಂದರೆಗೊಳಗಾಗುವ ಇಬ್ಬರು ಒಟ್ಟಾಗಿ ದೂರು ಕೊಟ್ಟರೂ ಅದು ಪರಿಶೀಲಿಸುತ್ತದೆ. ದೂರು ಕನ್ನಡದಲ್ಲೇ ಇರಬಹುದು, ಹೆಸರು ಗುಟ್ಟಾಗಿಡಿ ಎಂದು ಕೇಳಲೂಬಹುದು. ಸಾಲದ ಅವಧಿಗೆ ತಕ್ಕ ಗಡುವು ಇರುವುದರಿಂದ ತಡ ಮಾಡುವಂತಿಲ್ಲ. ಯಾವ ಬ್ಯಾಂಕೇ ಆಗಲಿ, ಸಹಿಗೆ ಮುಂಚೆ ಹೋದ ಪತ್ರಕ್ಕೆ ಇರುವ ತೂಕ ಕಂತುಗಳು ಹೊರಟ ಮೇಲೆ ಬರೆದ ಪತ್ರಕ್ಕೆ ಇರುವುದಿಲ್ಲ.